ದಂಗೆಕೋರರಿಗೆ ಗಂಜಿ ಹಾಕಿದ ಅಜ್ಜಿ

ನನ್ನನ್ನು ಮುದುಕಿ ಎಂದು ಮುಖದ ಮೇಲೆಯೇ ಹೇಳಿದ ಮೊದಲ ಹೆಂಗಸು ಮಗಳ ಮನೆಯ ಮೇಲಿನ ಮಹಡಿಯಲ್ಲಿದ್ದ ಫಿಲಿಪಿನೋ ನರ್ಸ್. ಹೇಳಿದ್ದೂ ಹೊಗಳುವ ಧಾಟಿಯಲ್ಲಿ.

"ನಮ್ಮ ಗುಂಪಲ್ಲಿ ಇಂಥ ಬಿಳಿಕೂದಲು ಯಾರಿಗೂ ಇಲ್ಲ. ಪ್ರತಿ ವರ್ಷ ಯಾವುದೋ ಹುಡುಗಿ ತಲೆಗೆ ಪೌಡರ್ ಸುರಿದು ನಾಟಕದಲ್ಲಿ ನಿಲ್ಲಿಸ್ತೀವಿ, ನೋಡಿದೋರು ನಗ್ತಾರೆ. ಈ ಸಲ ನೀವೇ ಮಾಡ್ಬೇಕು, ಲೋಲಾ."

ಲೋಲಾ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳದು ಆಸ್ಪತ್ರೆಯ ಇಂಗ್ಲಿಷ್, ನನ್ನದು ದಾವಣಗೆರೆಯ ಹೈಸ್ಕೂಲಿನದು. ಅವರ ದೇಶದ ಸ್ವಾತಂತ್ರ್ಯ ದಿನಕ್ಕೆಂದು ಸ್ಟಾಕ್‌ಹೋಮ್ ಸುತ್ತಮುತ್ತಲಿನ ಫಿಲಿಪಿನೋ ಸಂಸಾರಗಳು ಜೂನ್ ತಿಂಗಳಲ್ಲಿ ಒಂದು ಪಾರ್ಕಿನಲ್ಲಿ ಸೇರಿ ಚಿಕ್ಕ ನಾಟಕ ಆಡುತ್ತವಂತೆ. ಸ್ಪೇನಿನವರ ಆಳ್ವಿಕೆಯ ಕಾಲದಲ್ಲಿ ದಂಗೆಯೆದ್ದವರಿಗೆ ಅನ್ನ ಹಾಕಿ, ಗಾಯಕ್ಕೆ ಔಷಧಿ ಹಚ್ಚಿ, ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ ಒಬ್ಬ ಅಜ್ಜಿ ಇದ್ದಳು. ಎಂಬತ್ತು ದಾಟಿದವಳು. ಸರ್ಕಾರ ಹಿಡಿದು ದೂರದ ದ್ವೀಪಕ್ಕೆ ಸಾಗಿಸಿದರೂ ಒಬ್ಬರ ಹೆಸರನ್ನೂ ಬಾಯಿಬಿಡದವಳು. ಅವಳ ಪಾತ್ರ ನನಗೆ. "ಮಾತೇ ಇಲ್ಲ, ಸುಮ್ನೆ ನಿಂತು ಬಡಿಸಿದ್ರೆ ಸಾಕು" ಎಂದಳು ನರ್ಸ್. ಮಾತಿಲ್ಲದ ಪಾತ್ರವನ್ನು ನನಗೆ ಕೊಡುತ್ತಿದ್ದಾರೆಂದು ಕೇಳಿ ಮಗಳು ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಯಾಕೆಂದರೆ ನಮ್ಮಿಬ್ಬರ ನಡುವೆ ಮಾತುಕತೆ ಅಷ್ಟಕ್ಕಷ್ಟೇ ಆಗಿತ್ತು. ಮಗಳಿಗೆ ಸ್ವೀಡನ್ನಿನ ಪೌರತ್ವ ಸಿಕ್ಕಿತ್ತು. ಅದು ಸಿಕ್ಕ ಮೇಲೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ, ರಾಯಭಾರ ಕಚೇರಿಗೆ ಹೋಗಿ ಒಪ್ಪಿಸಿ ಬರಬೇಕು. ಅಳಿಯ ತನ್ನದನ್ನು ಹಿಂದಿನ ವರ್ಷವೇ ಒಪ್ಪಿಸಿದ್ದ. ಅಳಿಯನನ್ನು ಬೈಯುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಅವನ ಪಾಲಿನದೂ ಸೇರಿ ಎಲ್ಲ ಮಗಳ ಮೇಲೆ ಬಿತ್ತು.

"ಅಮ್ಮ, ಅದು ಬರೀ ಕಾಗದ" ಎಂದಿದ್ದಳು. "ನಾನು ಇರೋದು ಇಲ್ಲಿ, ಟ್ಯಾಕ್ಸ್ ಕಟ್ಟೋದು ಇಲ್ಲಿ, ಮಗಳ ಸ್ಕೂಲ್ ಇಲ್ಲಿ. ಕೆಲಸ ಹೋದ್ರೆ ಪರ್ಮಿಟ್ ಏನಾಗುತ್ತೋ ಅಂತ ಎಷ್ಟು ವರ್ಷ ಹೆದರ್ಕೊಂಡಿದ್ದೆ ಗೊತ್ತಾ ನಿಂಗೆ?"

"ಬರೀ ಕಾಗದ ಆಗಿದ್ರೆ ನನ್ನನ್ಯಾಕೆ ಕೇಳ್ತೀಯ? ಹೋಗಿ ಕೊಟ್ಟು ಬಾ."

"ನೀನು ಹೂಂ ಅನ್ನದೆ ಹೋಗಲ್ಲ."

"ಹಂಗಾದ್ರೆ ಹೋಗಬೇಡ."

ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಊಟ ಆಯ್ತಾ, ಹಾಲು ಮುಗೀತಾ, ಇಷ್ಟೇ. ಪಾಸ್‌ಪೋರ್ಟ್ ಅವಳ ಆಫೀಸ್ ಬ್ಯಾಗಿನಲ್ಲೇ ಇತ್ತು. ದಿನಾ ಅದನ್ನು ಹೊತ್ತುಕೊಂಡು ಲೋಕಲ್ ಟ್ರೈನಿನಲ್ಲಿ ಹೋಗಿ ಬರುತ್ತಿದ್ದಳು. ಎರಡು ಸಲ ರಾಯಭಾರ ಕಚೇರಿಯಲ್ಲಿ ಸಮಯ ತೆಗೆದುಕೊಂಡು ಎರಡು ಸಲವೂ ಮುಂದಕ್ಕೆ ಹಾಕಿದ್ದಳು. ಜೂನ್ ಕೊನೆಗೆ ನಾನು ಊರಿಗೆ ಹೊರಡುವವಳು. ಅಷ್ಟರೊಳಗೆ ನಾನು ಒಪ್ಪಬೇಕೆಂದು ಅವಳ ಹಟ, ಒಪ್ಪಬಾರದೆಂದು ನನ್ನ ಹಟ.

ನನ್ನ ಹಟಕ್ಕೂ ಕಾರಣ ಇತ್ತು. ನೌಕರಿಯುದ್ದಕ್ಕೂ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ರಾಷ್ಟ್ರೀಯತೆಯ ಬೆಳವಣಿಗೆಗೆ ಕಾರಣಗಳೇನು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ: ಇಂಗ್ಲಿಷ್ ಶಿಕ್ಷಣ, ಮುದ್ರಣ, ರೈಲು, ವಿಪರೀತ ಕಂದಾಯ. ಪರೀಕ್ಷೆಗೆ ಖಂಡಿತ ಬರುತ್ತದೆ, ಅಡಿಗೆರೆ ಎಳೆದುಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಆ ಬೆಂಚಿನಲ್ಲಿ ನನ್ನ ಮಗಳೂ ಕೂತಿದ್ದಳು. ಪೂರ್ತಿ ಅಂಕ ತೆಗೆದಿದ್ದಳು. ಪೂರ್ತಿ ಅಂಕ ತೆಗೆದವಳೇ ಹೀಗೆ ಮಾಡಿದರೆ ಫೇಲಾದವರನ್ನು ಏನು ಕೇಳೋಣ? ಹೀಗೆ ಯೋಚಿಸಿ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಬರೀ ಹೆದರಿಕೆ. ಇನ್ನು ಇವಳು ಊರಿಗೆ ಬಂದರೆ ಏರ್‌ಪೋರ್ಟಿನಲ್ಲಿ ಹೊರದೇಶದವರ ಸಾಲಿನಲ್ಲಿ ನಿಲ್ಲುತ್ತಾಳಲ್ಲ, ನನ್ನ ಮಗಳು, ಎಂಬ ಸಂಕಟ.

ನರ್ಸ್ ಪರಿಚಯವಾದದ್ದೂ ಜಗಳದಿಂದಲೇ. ಆ ಕಟ್ಟಡದಲ್ಲಿ ಬಟ್ಟೆ ಒಗೆಯುವ ಮಿಷನ್ನುಗಳು ನೆಲಮಾಳಿಗೆಯಲ್ಲಿ, ಎಲ್ಲರಿಗೂ ಸೇರಿ. ಮೊದಲೇ ಹೊತ್ತು ಕಾಯ್ದಿರಿಸಬೇಕು. ನಮ್ಮ ಹೊತ್ತಿನಲ್ಲಿ ನಾನು ಬುಟ್ಟಿ ಹೊತ್ತು ಇಳಿದರೆ ಮಿಷನ್ನಿನೊಳಗೆ ಯಾರದೋ ಬಟ್ಟೆ ಗಿರಗಿರ ತಿರುಗುತ್ತಿತ್ತು. ಸ್ವೀಡನ್ನಿನವರು ಇಂಥದ್ದಕ್ಕೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಸುಮ್ಮನಾಗುತ್ತಾರೆ. ನಾನು ಬಟ್ಟೆಯ ಒಡತಿ ಬರುವ ತನಕ ಕಾದು ಕೂತು, ಬಂದವಳಿಗೆ ಶಿಸ್ತಿನ ಮೇಲೆ ಅರ್ಧ ಪೀರಿಯಡ್ ಪಾಠ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಮ್ಮಮ್ಮ ಹೀಗೇ ಬೈತಾರೆ. ಇಲ್ಲಿಗೆ ಬಂದ ಮೇಲೆ ಯಾರೂ ಬೈದಿರಲಿಲ್ಲ" ಎಂದಳು. ಮಾರನೆಯ ದಿನ ಕಾಫಿಗೆ ಕರೆದಳು.

ಅವಳ ಮನೆಯ ಗೋಡೆಯ ಮೇಲೆ ಯೇಸುವಿನ ಪಕ್ಕದಲ್ಲಿ ಇನ್ನಿಬ್ಬರ ಚಿತ್ರ. ಒಬ್ಬ ಕೋಟು ಹಾಕಿ ಕ್ರಾಪು ಬಾಚಿದ, ಕಣ್ಣಿನ ಡಾಕ್ಟರ್. ಸ್ಪೇನಿನವರ ದಬ್ಬಾಳಿಕೆಯ ಮೇಲೆ ಎರಡು ಕಾದಂಬರಿ ಬರೆದನೆಂದು ಅವನನ್ನು ಮೈದಾನದಲ್ಲಿ ನಿಲ್ಲಿಸಿ ಗುಂಡಿಕ್ಕಿದರಂತೆ. ಇನ್ನೊಬ್ಬ ಗೋದಾಮಿನಲ್ಲಿ ಕೆಲಸಕ್ಕಿದ್ದವನು. ಗುಟ್ಟಾಗಿ ಸಂಘ ಕಟ್ಟಿ ಕತ್ತಿ ಹಿಡಿದು ಎದ್ದವನು, ಕೊನೆಗೆ ತನ್ನವರ ಕೈಯಲ್ಲೇ ಸತ್ತವನು. ಇಬ್ಬರ ಹೆಸರನ್ನೂ ನಾನು ಹೇಳಲು ಹೋಗಿ ತಪ್ಪುತಪ್ಪಾಗಿ ಉಚ್ಚರಿಸಿದಾಗ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು "ಬೇಡ ಲೋಲಾ, ಡಾಕ್ಟರ್ ಅನ್ನಿ, ಸಾಕು" ಎಂದಳು. ಅವತ್ತಿನಿಂದ ಡಾಕ್ಟರ್, ಗೋದಾಮಿನವನು ಎಂದೇ ಕರೆದೆ.

ಇವರಿಬ್ಬರಲ್ಲಿ ದೊಡ್ಡವರು ಯಾರೆಂದು ಅವರ ಗುಂಪಿನಲ್ಲಿ ಎರಡು ಪಂಗಡ. ಬರೆದು, ಓದಿಸಿ, ಕೇಳಿ ಪಡೆಯಬೇಕು ಎಂದವನು ಡಾಕ್ಟರ್. ಕೇಳಿದ್ದು ಸಾಕು ಎಂದವನು ಗೋದಾಮಿನವನು. ಭಾನುವಾರ ಚರ್ಚ್ ಮುಗಿಸಿ ಬಂದವರು ಅವಳ ಹಾಲಿನಲ್ಲಿ ಕೂತು ನೂಡಲ್ಸ್ ತಿನ್ನುತ್ತಾ ಇದೇ ಜಗಳ ಆಡುತ್ತಿದ್ದರು. ನನಗೆ ಹಬ್ಬ. "ಇದು ಮಂದಗಾಮಿಗಳು, ತೀವ್ರಗಾಮಿಗಳು! ನಮ್ಮಲ್ಲೂ ಇದ್ದರು!" ಎಂದು ಇಂಗ್ಲಿಷಿನಲ್ಲಿ ಕೂಗಿ ನಡುವೆ ನುಗ್ಗಿಬಿಟ್ಟೆ. ಇನ್ನೂ ಒಂದು ವಿಷಯ ತಿಳಿಯಿತು. ಅವರ ದೇಶ ಅಂದರೆ ಸಾವಿರಾರು ದ್ವೀಪ, ಲೆಕ್ಕವಿಲ್ಲದಷ್ಟು ಭಾಷೆ. ದೇಶಕ್ಕಿರುವ ಹೆಸರೂ ಸ್ಪೇನಿನ ಯಾವನೋ ರಾಜನದು. ನರ್ಸ್ ತನ್ನ ತಾಯಿಯ ಜೊತೆ ಫೋನಿನಲ್ಲಿ ಆಡುವ ಭಾಷೆ ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಬಾರದು. ಇಷ್ಟಿದ್ದೂ ಆ ಅಜ್ಜಿಯ ಮಾತು ಬಂದರೆ ಎಲ್ಲರೂ ತಟ್ಟೆ ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಡಾಕ್ಟರ್ ಪಂಗಡವೂ, ಗೋದಾಮಿನ ಪಂಗಡವೂ. ಅನ್ನ ಹಾಕಿದವಳ ಮೇಲೆ ಜಗಳವಿಲ್ಲ.

ನರ್ಸ್ ಮೇಲೆ ನನಗೆ ಇದ್ದ ಒಂದೇ ಹೊಟ್ಟೆಕಿಚ್ಚೆಂದರೆ ಅವಳ ಹತ್ತಿರ ಎರಡೂ ಪಾಸ್‌ಪೋರ್ಟ್ ಇದ್ದವು. ಸ್ವೀಡನ್ನಿನದು ಬಂದಾಗ ತನ್ನದು ಹೋಗಿತ್ತಂತೆ, ಆಮೇಲೆ ಅವರ ಸರ್ಕಾರ ಕಾನೂನು ಮಾಡಿ ವಾಪಸ್ ಕೊಟ್ಟಿತಂತೆ. "ನಡುವೆ ಇಲ್ಲದೇ ಇದ್ದ ಅಷ್ಟು ವರ್ಷ ಏನನ್ನಿಸ್ತು?" ಎಂದು ಕೇಳಿದೆ. ಅವಳು "ಅಮ್ಮನಿಗೆ ಹೇಳಿರಲಿಲ್ಲ" ಎಂದಳು. ನನ್ನ ಮಗಳು ನನಗೆ ಹೇಳಿದ್ದಳಲ್ಲ ಎಂಬುದು ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಸಿಟ್ಟಿನಲ್ಲಿದ್ದೆ.

ಇನ್ನು ತಾಲೀಮು. ಅಜ್ಜಿ ಬಡಿಸುವುದು ಶುಂಠಿ ಹಾಕಿದ ಅಕ್ಕಿ ಗಂಜಿ, ಆದರೆ ಅವರ ಗಂಜಿಯಲ್ಲಿ ಕೋಳಿ ಇರುತ್ತದೆ. ಕೋಳಿಯ ಪಾತ್ರೆಗೆ ನಾನು ಸೌಟು ಹಾಕುವುದಿಲ್ಲ ಎಂದೆ. ಕ್ರಾಂತಿ ಅಲ್ಲಿಗೇ ನಿಂತಿತು. ಕೊನೆಗೆ ಗಂಜಿಯನ್ನು ನಾನೇ ಮಾಡುವುದು, ಮೇಲೆ ಜೀರಿಗೆ ಒಗ್ಗರಣೆ ಬೇರೆ, ಎಂದು ತೀರ್ಮಾನವಾಯಿತು. ನನ್ನನ್ನು ಹಿಡಿಯಲು ಬರುವ ಸ್ಪೇನಿನ ಅಧಿಕಾರಿಯ ಪಾತ್ರ ನರ್ಸಿನ ಗಂಡನದು, ಬಸ್ ಓಡಿಸುವ ಆರಡಿ ಎತ್ತರದ ಸ್ವೀಡನ್ನಿನವನು. ಎಷ್ಟು ಸಲ ಹೇಳಿಕೊಟ್ಟರೂ ಅವನಿಗೆ ಗದರಿಸಲು ಬರಲೊಲ್ಲದು. ಬಂದೂಕು ಹಿಡಿದುಕೊಂಡು, ದಯವಿಟ್ಟು ಹೇಳುತ್ತೀರಾ, ಅವರು ಎಲ್ಲಿದ್ದಾರೆ, ಎಂದು ಕೇಳುವವನ ಹಾಗೆ ಬಗ್ಗಿ ನಿಲ್ಲುತ್ತಿದ್ದ. ಗದರಿಸುವುದು ಹೇಗೆಂದು ನಾನು ತೋರಿಸಿಕೊಟ್ಟೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ನಾಟಕದ ಹಿಂದಿನ ದಿನ ಇಬ್ಬರು ದಂಗೆಕೋರರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತು. ನರ್ಸ್ ನೇರ ಕೆಳಗಿಳಿದು ಬಂದು ನನ್ನ ಮಗಳ ಕೈ ಹಿಡಿದಳು. "ಕೆಲಸ ಏನೂ ಇಲ್ಲ. ಎಲ್ಲರ ಜೊತೆ ನಿಂತು ಒಂದು ಚೀಟಿ ಹರಿಯೋದು, ಆಮೇಲೆ ಬಟ್ಟಲು ಹಿಡ್ಕೊಂಡು ಅಮ್ಮನ ಹತ್ರ ಗಂಜಿಗೆ ಬರೋದು." ಮಗಳು ನನ್ನ ಕಡೆ ನೋಡಿದಳು. ನಾನು ಅಕ್ಕಿ ತೊಳೆಯುತ್ತಿದ್ದೆ.

ಆ ಚೀಟಿಯ ಕಥೆ ಹೀಗೆ. ಸ್ಪೇನಿನವರಿಗೆ ತಲೆಗಂದಾಯ ಕಟ್ಟಿದವರು ಅದರ ಚೀಟಿಯನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕಿತ್ತು. ನೀನು ಯಾರ ಪ್ರಜೆ ಎಂಬುದಕ್ಕೆ ಅದೇ ಗುರುತು. ದಂಗೆ ಶುರುವಾದ ದಿನ ಗೋದಾಮಿನವನೂ ಅವನ ಜೊತೆಗಾರರೂ ಗುಂಪಾಗಿ ನಿಂತು ಅವನ್ನು ಹರಿದೆಸೆದರಂತೆ. ಇನ್ನು ನಾವು ನಿಮ್ಮವರಲ್ಲ ಎಂದು ಹೇಳಿದ ಹಾಗೆ.

ಶನಿವಾರ ಪಾರ್ಕಿನಲ್ಲಿ ಹುಲ್ಲಿನ ತುಂಬ ಜನ. ಒಂದು ಕಡೆ ಹಾಡು, ಒಂದು ಕಡೆ ಮಾಂಸ ಸುಡುವ ಹೊಗೆ, ನಡುವೆ ನಾನು ನರ್ಸ್ ಕೊಟ್ಟ ಕಸೂತಿ ರವಿಕೆ ತೊಟ್ಟು, ನನ್ನದೇ ಇಳಕಲ್ ಸೀರೆ ಉಟ್ಟು, ಗಂಜಿಯ ಪಾತ್ರೆಯ ಹಿಂದೆ. ಮೊಮ್ಮಗಳು ಮುಂದಿನ ಸಾಲಿನಲ್ಲಿ ಕೂತು ಸ್ವೀಡಿಷ್‌ನಲ್ಲಿ ಎಲ್ಲರಿಗೂ ಅದು ನನ್ನಜ್ಜಿ ಎಂದು ಹೇಳುತ್ತಿದ್ದಳು.

ದಂಗೆಕೋರರು ಬಂದು ಅರ್ಧಚಂದ್ರಾಕಾರವಾಗಿ ನಿಂತರು. ಮುಂದಿನವನು ಕೂಗಿದ. ಎಲ್ಲರೂ ಚೀಟಿ ಮೇಲೆತ್ತಿ ಪರ್ರೆಂದು ಹರಿದರು. ಜನ ಕೇಕೆ ಹಾಕಿದರು. ನನ್ನ ಮಗಳ ಕೈಯಲ್ಲಿ ಮಾತ್ರ ಚೀಟಿ ಹಾಗೇ ಇತ್ತು.

ಮೊದಲು ಅವಳು ಮರೆತಳೆಂದುಕೊಂಡೆ. ಅಲ್ಲ. ಎರಡೂ ಕೈಯಲ್ಲಿ ಹಿಡಿದಿದ್ದಳು, ಬೆರಳು ಹರಿಯುವ ಹಾಗೇ ಇದ್ದವು, ಆದರೆ ಮುಂದೆ ಹೋಗುತ್ತಿರಲಿಲ್ಲ. ಯಾರೋ ತಮ್ಮ ಮಗುವಿನ ಶಾಲೆಯ ಪ್ರಿಂಟರಿನಲ್ಲಿ ತೆಗೆದ ಸುಳ್ಳು ಚೀಟಿ ಅದು. ಬರೀ ಕಾಗದ ಅಂದಿದ್ದವಳು ಇವಳೇ. ಇಷ್ಟು ದಿನ ಅವಳು ಅದನ್ನು ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು ಎಂದು ಆ ಗಳಿಗೆಯಲ್ಲಿ ನನಗೆ ಅರ್ಥವಾಯಿತು. ನನ್ನ ಸಂಕಟವೆಲ್ಲ ಅವಳಲ್ಲೂ ಇತ್ತು, ನನಗಿಂತ ಜಾಸ್ತಿ ಇತ್ತು, ಅದರ ಮೇಲೆ ನನ್ನ ಸಿಟ್ಟನ್ನೂ ಹೊರಿಸಿದ್ದೆ. ಕೂಸು ನನ್ನದು, ಎಲ್ಲಿ ನಿಂತರೂ.

ಕೇಕೆ ನಿಂತಿತು. ಎಲ್ಲರೂ ಅವಳನ್ನೇ ನೋಡತೊಡಗಿದರು. ಅವಳು ನೋಡಿದ್ದು ನನ್ನನ್ನು.

ಮಾತಿಲ್ಲದ ಪಾತ್ರ ನನ್ನದು. ಸೌಟನ್ನು ಪಾತ್ರೆಯ ಅಂಚಿಗೆ ಒಂದು ಸಲ ಬಡಿದು, ಕನ್ನಡದಲ್ಲಿ, ಹೈಸ್ಕೂಲಿನ ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಹೇಳಿದೆ: "ಹರಿದು ಬಾರೇ. ಗಂಜಿ ಆರ್ತಾ ಇದೆ."

ಅವಳು ಹರಿದಳು. ತುಂಡುಗಳನ್ನು ಉಳಿದವರ ಹಾಗೆ ಹುಲ್ಲಿನ ಮೇಲೆ ಎಸೆಯದೆ ಜೀನ್ಸಿನ ಜೇಬಿಗೆ ತುರುಕಿಕೊಂಡು, ಬಟ್ಟಲು ಹಿಡಿದು ನನ್ನ ಮುಂದೆ ಬಂದು ನಿಂತಳು. ಕಣ್ಣು, ಮೂಗು ಎಲ್ಲ ಕೆಂಪಾಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು, ನರ್ಸ್ ಬದಿಯಿಂದ ಬೇಗ ಬೇಗ ಎಂದು ಸನ್ನೆ ಮಾಡುತ್ತಿದ್ದಳು. ನಾನು ಬಡಿಸಿದೆ.

"ಸೋಮವಾರ ಎಂಬಸೀಲಿ ಮತ್ತೆ ಟೈಮ್ ತಗೋ" ಎಂದೆ. "ನಾನೂ ಜೊತೆಗೆ ಬರ್ತೀನಿ. ಅಂಥ ಕಡೆಗೆಲ್ಲ ಒಬ್ಬಳೇ ಹೋಗಬಾರದು."