ಜಮಾದಾರರ ಮುದ್ದೆಮಾಲು

ರಜಾಕಾರರ ಗದ್ದಲ ಮುಗಿದು ಎರಡು ವರ್ಷಾಗಿತ್ತು. ಆದ್ರೂ ಹೊಲದಾಗ, ಹಳ್ಳದಾಗ ಸಿಡೀದೇ ಉಳದ ತೋಪಿನ ಗುಂಡು ಸಿಗತಿದ್ದವು. ಅವನ್ನ ಏನು ಮಾಡಬೇಕಂತ ಕಲೀಲಿಕ್ಕ ಸೇಡಂ ಠಾಣೆಯ ಪೊಲೀಸನಾದ ನನ್ನನ್ನ ವಾಡಿ ಊರಿಗೆ ಕಳಿಸಿದರು. ಫೌಜಿನ ಸುಬೇದಾರ ಎಂಟು ದಿನ ಹೇಳಿದ್ದು ಒಂದೇ: ಮುಟ್ಟಬ್ಯಾಡ್ರಿ. ದೂರ ಕೆಂಪು ಝಂಡಾ ಹುಗೀರಿ, ಮಂದೀನ ಸರಿಸ್ರಿ, ನಮಗ ತಾರ್ ಕೊಡ್ರಿ. ಇಷ್ಟಕ್ಕ ಎಂಟು ದಿನ ಯಾಕಂತ ನಾ ಬ್ಯಾಸತ್ತು ಕೇಳಿದೆ. ಸಿಕ್ಕಿದ್ದು ಎತ್ತೋದು ಪೊಲೀಸರ ಚಟ, ಅದನ್ನ ಬಿಡಿಸಲಿಕ್ಕ ಎಂಟು ದಿನಾನೂ ಸಾಲಂಗಿಲ್ಲ ಅಂತ ಆತ ನಕ್ಕ.

ಖರೇನ ಅಂದಿದ್ದ. ನನಗ ನೌಕರಿ ಕಲಿಸಿದ ನಮ್ಮ ಜಮಾದಾರರು ಭಾಳ ಕಟ್ಟುನಿಟ್ಟಿನ ಹಿರಿಯರು. ಜಪ್ತಿ ಮಾಡಿದ ಮುದ್ದೆಮಾಲಿಗೆ ಚೀಟಿ ಕಟ್ಟಿ, ಅರಗಿನ ಮುದ್ರಿ ಒತ್ತಿ, ಠಾಣೆಯ ಮಾಲಖಾನ್ಯಾಗಿಟ್ಟು ಕೀಲಿ ಹಾಕಿದ್ರನ ಅವರಿಗೆ ಉಂಡದ್ದು ಮೈಗೆ ಹತ್ತತಿತ್ತು. ನಾ ತಿರುಗಿ ಬಂದು ಸುಬೇದಾರನ ಪಾಠ ಒಪ್ಪಿಸಿದಾಗ ಎಲಿ ಅಡಿಕಿ ಮೆಲ್ಲಕೋತ ಹೂಂ ಅಂದರು, ಅಷ್ಟ.

ನಾಕು ದಿನಕ್ಕ ಕುರಕುಂಟಾದಿಂದ ಸುದ್ದಿ ಬಂತು, ನೇಗಿಲಿಗೆ ಗುಂಡು ಸಿಕ್ಕದ ಅಂತ. ನಾ ಝಂಡಾ ಹಿಡಕೊಂಡು ಹೊಂಟರ, ಜಮಾದಾರರು ನಸುಕಿನ್ಯಾಗ ಹೋಗಿ ಆಗಲೇ ಬಂಡಿ ಮ್ಯಾಲ ತಿರುಗಿ ಬರಾಕತ್ತಿದ್ದರು. ಗುಂಡು ತೊಡಿ ಮ್ಯಾಲ. ಏನ್ ಹೇಳ್ಲಿ, ಅರಗು ಕಾಸಿ ಅದರ ಮ್ಯಾಲ ಮುದ್ರಿನೂ ಒತ್ತಿದ್ದರು! ನನಗ ಸಿಟ್ಟು ಬಂತು. ಬಂಡಿ ನಿಲ್ಲಿಸಿ, ಎತ್ತು ಬಿಚ್ಚಿಸಿ, ಫೌಜಿಗೆ ತಾರ್ ಕೊಡಸು ಅಂತ ಬಂಡಿಯಾತನ್ನ ಎತ್ತಿನ ಸಂಗಟ ದೂರ ಕಳಿಸಿದೆ.

"ಜಮಾದಾರ ಸಾಹೇಬ್ರ, ಅದನ್ನ ಮೆಲ್ಲಕ ಬಂಡ್ಯಾಗಿನ ಕಣಕಿ ಮೇವಿನ ಮ್ಯಾಲ ಇಟ್ಟು ಇಳೀರಿ. ನಾ ಕೇಳಾಕತ್ತಿಲ್ಲ, ಹೇಳಾಕತ್ತೀನಿ."

ಅವರ ಮುಂದ ಹಂಗ ಯಾವತ್ತೂ ಮಾತಾಡಿದ್ದಿಲ್ಲ. ಆದ್ರೂ ಅವರು ಗುಂಡು ಇಟ್ಟರು, ಇಳದರು. ಇಬ್ಬರೂ ದೂರ ತೊಗರಿ ಹೊಲದಾಗ ಕುಂತು ಕಾವಲು ಕಾದಿವಿ. ಚಾಕ್ರಿ ಹೋದರೂ ಹೋಗ್ಲಿ, ಮನಷ್ಯಾ ಉಳದನಲ್ಲ ಅಂತ ನನಗ ಸಮಾಧಾನ.

ಮರುದಿನ ಫೌಜಿನವರು ಬಂದು ಅದನ್ನ ಅಲ್ಲೇ ಸಿಡಿಸಿದರು. ಬಂಡಿ ಇದ್ದ ಜಾಗಾದಾಗ ಗುಂಡಿ ಬಿತ್ತು, ಗಾಲಿ ಸೈತ ಸಿಗಲಿಲ್ಲ. ಜಮಾದಾರರು ಆ ಗುಂಡಿ ನೋಡಕೋತ ನಿಂತರು. ಮುಖ ಬೂದಿ ಆಗಿತ್ತು. ನನ್ನ ರಟ್ಟಿ ಹಿಡದು ಸಣ್ಣ ದನಿಲೆ ಅಂದರು:

"ತಮ್ಮಾ, ನೀ ವಾಡ್ಯಾಗಿದ್ದಾಗ ಇಂಥವು ಎರಡು ತಂದು ಮಾಲಖಾನ್ಯಾಗ ಇಟ್ಟೀನಿ."

ಮಾಲಖಾನಿ ಗ್ವಾಡಿ ಆಚೆ ನನ್ನ ಖೋಲಿ. ಆ ಗ್ವಾಡಿ ಮಗ್ಗಲಕ್ಕೇ ನನ್ನ ಹೆಂಡತಿ ಕೂಸಿನ ತೊಟ್ಟಿಲ ಕಟ್ಟಿದ್ದಳು. ನಾ ಸೇಡಂ ದಾರಿ ಹಿಡದು ಓಡಿದೆ. ಹೊರಳಿ ನೋಡಿದರ ಜಮಾದಾರರೂ ಓಡಿ ಬರಾಕತ್ತಿದ್ದರು, ಪಗಡಿ ಬಿದ್ದದ್ದೂ ಅವರಿಗೆ ಖಬರಿದ್ದಿಲ್ಲ.