ಬೀಡಿ ಬಿಡಲೊಲ್ಲದ ಟಗರು

ಎಂಬತ್ತರ ದಶಕದಲ್ಲಿ ನಾನು ಇಳಕಲ್ಲಿನಲ್ಲಿ ಡಾಕ್ಟರಾಗಿದ್ದೆ. ಗುಡೂರಿನ ಕುರಿಗಾರ ಮಾಳಪ್ಪ ಕೆಮ್ಮುತ್ತ ಬಂದಾಗ ಅವನ ಬೀಡಿ ಬಿಡಿಸಿದ್ದೆ; ಚಟ ಎದ್ದಾಗಲೆಲ್ಲ ಬಾಯಿಗೆ ಲವಂಗ ಹಾಕಿಕೊಳ್ಳಲು ಹೇಳಿದ್ದೆ. ಕೆಲವು ದಿನಗಳ ಮೇಲೆ ಅವನು ದವಾಖಾನೆಯೊಳಗೆ ದೊಡ್ಡದೊಂದು ಟಗರನ್ನು ಎಳೆದುಕೊಂಡು ಬಂದ. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಕಾಲು ಮೇಲೆತ್ತಿ ಕೂತರು.

"ನಂದು ಚಟಾ ಬಿಟ್ಟೈತ್ರಿ. ಇದರದು ಬಿಡವಲ್ದು," ಅಂದ.

ಅವನು ಸೇದಿ ಒಗೆದ ಬೀಡಿತುಂಡುಗಳನ್ನು ತಿಂದೇ ಟಗರು ಬೆಳೆದಿತ್ತಂತೆ. ಈಗ ತುಂಡು ಸಿಗದೆ ಮೇವು ಬಿಟ್ಟಿತ್ತು, ಕಂಡವರಿಗೆಲ್ಲ ಹಾಯುತ್ತಿತ್ತು.

"ದನದ ದವಾಖಾನಿಗೆ ಹೋಗಪ್ಪ," ಅಂದೆ.

"ಅಲ್ಲೆ ಚಟಾ ಬಿಡಸಾಂಗಿಲ್ಲಂತ್ರಿ. ಹಿಂಗ ಉಪಾಸ ಇದ್ರ ಸಾಯ್ತೈತಿ. ಇದರ ಸಲುವಾಗಿ ನಾ ಮತ್ತ ಸೇದಬೇಕಾಗತೈತ್ರಿ."

ಆ ಮಾತಿಗೆ ನಾನು ಸೋತೆ. ಬೆಲ್ಲದ ಚೂರಿಗೆ ಒಂದು ಲವಂಗ ಒತ್ತಿ ಕೈ ಚಾಚಿದೆ. ಟಗರು ಮೂಸಿ ನೋಡಿ ತಿಂದು, ನನ್ನ ಮೇಜಿಗೊಮ್ಮೆ ಗುದ್ದಿ ಸುಮ್ಮನಾಯಿತು.

"ಸಂತಿ ದಿನ ಮತ್ತ ಕರಕೊಂಡು ಬಾ," ಅಂದೆ.

ಅದು ಬೇಗನೆ ಮೇವಿಗೆ ಮರಳಿತು. ಆದರೂ ಪ್ರತಿ ಸಂತೆಗೆ ಮಾಳಪ್ಪನನ್ನು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಹೇಳಿದ ದಿನಕ್ಕೆ ತಪ್ಪದೆ ಬಂದ ರೋಗಿ ನನ್ನ ಇಡೀ ನೌಕರಿಯಲ್ಲಿ ಅದೊಂದೇ.