ಕಟ್ಟಿದ ಹಲ್ಲಿನ ಬಣ್ಣದ ಉಗುರುಗಳು

ಆ ಹುಡುಗಿಯ ಉಗುರು ಕಿತ್ತವಳು ನಾನು. ರೇಷ್ಮೆ ನೂಲು ತೆಗೆಯುವ ಚರಕಕ್ಕೆ ಸಿಕ್ಕಿ ಕಿತ್ತುಹೋಯಿತು ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಚರಕದ ಸದ್ದು ನನಗೆ ನೆನಪಿದೆ, ಗೂಡು ಬೇಯುವ ನೀರಿನ ಹಬೆ ನೆನಪಿದೆ, ಅವಳು ಕೈ ಎಳೆದುಕೊಂಡ ರೀತಿಯೂ ನೆನಪಿದೆ. ಆದರೆ ಅವಳು ನೂಲು ತೆಗೆಯುತ್ತಿದ್ದ ಆ ಶೆಡ್ಡಿನೊಳಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ. ಕಾಣದ್ದೇ ಇಷ್ಟು ಚೊಕ್ಕವಾಗಿ ನೆನಪಿರುವಾಗ, ಕಂಡದ್ದನ್ನು ನಂಬಿ ಎಂದು ಯಾವ ಬಾಯಲ್ಲಿ ಹೇಳಲಿ?

ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳು. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದಿದ್ದವು. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸುಗಳು ಹೆದ್ದಾರಿಯಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿದ್ದವು. ಆ ಬಸ್ಸಿನೊಳಗೆ ಸೀಟು ಸಿಕ್ಕವರು ಕೆಳಗೆ ನಿಂತವರನ್ನು ನೋಡುತ್ತಿದ್ದ ನೋಟ ನನಗೆ ಆಗುತ್ತಿರಲಿಲ್ಲ. ನಾನು ರಾಮನಗರದಲ್ಲಿ ಒಂದು ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ಕಟ್ಟುತ್ತಿದ್ದೆ. ಡಾಕ್ಟರು ವಾರಕ್ಕೆ ಎರಡು ದಿನ ಬೆಂಗಳೂರಿನಿಂದ ಬರುತ್ತಿದ್ದರು. ಉಳಿದ ದಿನಗಳಲ್ಲಿ ಬಿದ್ದು ಒಡೆದ ಸೆಟ್ಟುಗಳಿಗೆ ತೇಪೆ ಹಾಕುವುದು, ಒತ್ತುವ ಕಡೆ ಉಜ್ಜಿ ಕೊಡುವುದು ನನ್ನ ಪಾಲು.

ತೇಪೆಗೆ ಬೇಕಾದದ್ದು ಒಂದು ಪುಡಿ, ಒಂದು ದ್ರವ, ಅಷ್ಟೆ. ದ್ರವದಲ್ಲಿ ಇರುವುದು ಬಿಡಿ ಬಿಡಿ ಅಣುಗಳು. ಪುಡಿ ಎಂದರೆ ಅದೇ ಅಣುಗಳು ಮೊದಲೇ ಸರಪಳಿಯಾಗಿ ಗಟ್ಟಿಗೊಂಡ ಸಣ್ಣ ಸಣ್ಣ ಮಣಿಗಳು, ಜೊತೆಗೆ ಒಂದು ಚಿಟಿಕೆ ಪೆರಾಕ್ಸೈಡ್. ಆ ಪೆರಾಕ್ಸೈಡನ್ನು ಕೆಣಕುವ ಪದಾರ್ಥ ದ್ರವದಲ್ಲಿರುತ್ತದೆ. ಎರಡೂ ಸೇರಿದವೋ, ಜಗಳ ಶುರು. ಬಿಡಿ ಅಣುಗಳು ಒಂದರ ಬಾಲಕ್ಕೆ ಒಂದು ಜೋತುಬಿದ್ದು ಉದ್ದವಾಗುತ್ತಾ ಹೋಗುತ್ತವೆ. ಬಟ್ಟಲಲ್ಲಿ ಅದು ಮೊದಲು ಒದ್ದೆ ಮರಳಿನಂತೆ ಕಾಣುತ್ತದೆ. ಆಮೇಲೆ ಕಡ್ಡಿ ಎತ್ತಿದರೆ ಎಳೆ ಎಳೆಯಾಗಿ ಏಳುತ್ತದೆ, ರೇಷ್ಮೆಯ ಊರಿಗೆ ತಕ್ಕ ಹಾಗೆ. ಆಮೇಲೆ ನಾದಿದ ಹಿಟ್ಟು, ಆಮೇಲೆ ರಬ್ಬರು, ಕೊನೆಗೆ ಕಲ್ಲು. ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಬಾಟಲಿಯೊಳಗೇ ಕಲ್ಲಾಗದಿರಲಿ ಎಂದು ತಡೆಯುವ ಇನ್ನೊಂದು ಪದಾರ್ಥವನ್ನೂ ಹಾಕಿ, ಬೆಳಕು ತಾಗದ ಹಾಗೆ ಕಂದು ಗಾಜಿನಲ್ಲಿ ತುಂಬಿ ಕಳಿಸುತ್ತಾರೆ. ಇಷ್ಟನ್ನು ನಾನು ಆಗಲೇ ಬಲ್ಲೆನೋ, ಆಮೇಲೆ ಓದಿ ಆ ದಿನಗಳಿಗೆ ಅಂಟಿಸಿಕೊಂಡೆನೋ ತಿಳಿಯದು. ಹೆಚ್ಚು ಪಾಲು ಆಮೇಲಿನದು.

ನನ್ನ ಅಕ್ಕ ಚನ್ನಪಟ್ಟಣದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಅವಳ ಗಂಡನ ಮನೆಯವರು ಅರಗಿನ ಗೊಂಬೆ ಮಾಡುವವರು. ಮುಂದಿನ ಕೋಣೆಯಲ್ಲಿ ಕನ್ನಡಿ, ಕುರ್ಚಿ, ಹಿಂದೆ ಮರ ಕಡೆಯುವ ಲೇತು. ನಮ್ಮಿಬ್ಬರಿಗೂ ಚಿಕ್ಕಂದಿನಿಂದ ಆಗಿಬರುತ್ತಿರಲಿಲ್ಲ. ನಾನು ಓದಿದೆ ಎಂದು ಅವಳಿಗೆ ಸಿಟ್ಟು. ಓದಿಯೂ ಬೇರೆಯವರ ಎಂಜಲು ಹಲ್ಲು ತಿಕ್ಕುತ್ತೇನೆ ಎಂದು ಅವಳಿಗೆ ಸಂತೋಷ. ಬೆಂಗಳೂರಿಗೆ ಮೂರು ದಿನದ ತರಬೇತಿಗೆ ಹೋಗಿಬಂದವಳು ಉಗುರಿನ ಮೇಲೆ ಉಗುರು ಕಟ್ಟುವುದನ್ನು ಕಂಡು ಬಂದಿದ್ದಳು. ಅದರ ಪುಡಿ, ದ್ರವ ಚನ್ನಪಟ್ಟಣದಲ್ಲಿ ಸಿಗುತ್ತಿರಲಿಲ್ಲ. ಒಂದು ದಿನ ಕ್ಲಿನಿಕ್ಕಿಗೆ ಬಂದು, ನಾನು ತೇಪೆ ಹಾಕುತ್ತಿದ್ದಾಗ ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಅದೇ ವಾಸ್ನೆ ಕಣೆ," ಅಂದಳು. "ಅಲ್ಲಿ ಹಾಕ್ತಾರಲ್ಲ, ಅದೇ."

"ಇದು ಹಲ್ಲಿಂದು."

"ಹಲ್ಲಿಗಾಗೋದು ಉಗುರಿಗಾಗಾಕಿಲ್ವಾ? ಎರಡೂ ಮೂಳೇನೆ ತಾನೆ."

"ಉಗುರು ಮೂಳೆ ಅಲ್ಲ."

"ಮತ್ತೇನು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನ್ನ ಜಂಬಕ್ಕೆ ಒಗ್ಗಲಿಲ್ಲ. ಕೈಯಲ್ಲಿದ್ದ ಸೆಟ್ಟನ್ನು ಉಜ್ಜತೊಡಗಿದೆ.

ಬಾಟಲಿ ಚನ್ನಪಟ್ಟಣಕ್ಕೆ ಹೇಗೆ ಹೋಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಎರಡು ಕಥೆಗಳಿವೆ. ಅಕ್ಕ ಹೇಳುವಂತೆ, ನಾನೇ ಟಿಫಿನ್ ಬ್ಯಾಗಿನಲ್ಲಿಟ್ಟು ತಂದುಕೊಟ್ಟೆ, ದೊಡ್ಡಸ್ತಿಕೆ ತೋರಿಸುವುದಕ್ಕೆ. ನಾನು ಹೇಳುವಂತೆ, ಅವಳು ಮೂರು ಸಲ ಬಂದು ಪೀಡಿಸಿ ಒಯ್ದಳು. ಅವಳ ಕಥೆಯಲ್ಲಿ ಬ್ಯಾಗಿನ ಬಣ್ಣವಿದೆ, ಹಸಿರು. ನನ್ನ ಹತ್ತಿರ ಹಸಿರು ಬ್ಯಾಗು ಇತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಪಾರ್ಲರ್‌ಗೆ ಹುಬ್ಬು ತಿದ್ದಿಸಿಕೊಳ್ಳಲು ಬಂದಿದ್ದ ಆ ಹುಡುಗಿ ಮಾಗಡಿ ರಸ್ತೆಯ ಕಡೆಯ ಹಳ್ಳಿಯವಳು. ರಾಮನಗರದಲ್ಲಿ ನೂಲು ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ಕೈಯದ್ದಿ, ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಓಡುವ ನೂಲಿಗೆ ಸೇರಿಸುವುದು. ಹಾಗೆ ದುಡಿದ ಕೈಗಳ ಉಗುರು ನೆನೆದ ಕಡಲೆಯ ಸಿಪ್ಪೆಯ ಹಾಗೆ ಇರುತ್ತದೆ: ಮೆತ್ತಗೆ, ಬಿಳಚಿಕೊಂಡು, ಬುಡದಲ್ಲಿ ಊದಿ ಕೆಂಪಾಗಿ. ಅವಳಿಗೆ ಬಿಡದಿಯ ಒಂದು ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಗಾಡಿಯೊಳಗಿನ ವೈರುಗಳನ್ನು ಜೋಡಿಸುವ ಕೆಲಸ. ಸಿಕ್ಕರೆ ಬಿಸಿನೀರಿನಿಂದ ಕೈ ಹೊರಗೆ ಬರುತ್ತಿತ್ತು. ಅವಳಿಗೆ ಬೇಕಿದ್ದದ್ದು ಅದೊಂದೇ.

"ಅಲ್ಲಿ ಮೊದ್ಲು ಕೈ ನೋಡ್ತಾರೆ," ಎಂದಳು ಅಕ್ಕ. "ಇಂಥ ಕೈ ಕಂಡ್ರೆ ರೋಗ ಐತೆ ಅಂತ ಗೇಟ್‌ನಾಗೇ ಕಳಿಸ್ಬುಡ್ತಾರೆ."

ಹಾಗೆಂದು ಅಕ್ಕನಿಗೆ ಯಾರು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ. ನಾನೂ ಅಲ್ಲಿದ್ದೆ. ಭಾನುವಾರ, ದ್ರವ ಎಷ್ಟು, ಪುಡಿ ಎಷ್ಟು ಎಂದು ಹೇಳಿಕೊಡಲು ಹೋಗಿದ್ದೆ. ಹುಡುಗಿ ನನ್ನ ಮುಖ ನೋಡಿದಳು. "ಹೌದೇನಕ್ಕ?" ನಾನು ತಲೆಯಾಡಿಸಿದೆ. ಓದಿದವಳ ತಲೆ.

ಉಗುರು ಕಟ್ಟಿದವಳು ಅಕ್ಕ. ಗೊಂಬೆ ಉಜ್ಜುವ ಸ್ಯಾಂಡ್ ಪೇಪರಿನಿಂದ ಉಗುರಿನ ಮೈಯನ್ನು ಒರಟು ಮಾಡಿದಳು, ಚೆನ್ನಾಗಿಯೇ. ಒಡೆದ ಸೆಟ್ಟಿನ ಅಂಚನ್ನೂ ನಾವು ಹಾಗೆಯೇ ಒರಟು ಮಾಡುತ್ತೇವೆ, ತೇಪೆ ಹಿಡಿಯಲಿ ಎಂದು. ಆದರೆ ಸೆಟ್ಟಿಗೆ ಎಷ್ಟು ಉಜ್ಜಿದರೂ ನೋವಿಲ್ಲ. ಬಣ್ಣಕ್ಕೆ ಹಲ್ಲಿನ ಮಾದರಿ ಪಟ್ಟಿ ಹಿಡಿದು, ಅವಳ ಮೈಬಣ್ಣಕ್ಕೆ ಹೊಂದುವುದನ್ನು ಆರಿಸಿದವಳು ನಾನು. ವಸಡಿಗೆ ಹಾಕುವ ಗುಲಾಬಿ ಪುಡಿ ಬೇಡವೆಂದೆ. ಹಾಗಾಗಿ ಬೀಡಿ ಸೇದುವ ಗಂಡಸಿನ ಹಲ್ಲಿನ ಬಣ್ಣ ಹತ್ತು ಬೆರಳಿಗೂ ಬಂತು.

ಮೂರನೆಯ ಬೆರಳಿಗೆ ಬರುವ ಹೊತ್ತಿಗೆ ಹುಡುಗಿ, "ಉರೀತದೆ ಕಣಕ್ಕ," ಅಂದಳು.

"ಉರಿಬೇಕು," ಎಂದಳು ಅಕ್ಕ. "ಬಿಸಿಯಾದ್ರೆ ಕಚ್ಕೊಂಡಂಗೆ."

ಇದು ಅವಳು ಲೇತಿನ ಮನೆಯಿಂದ ಕಲಿತದ್ದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟಕ್ಕೆ ಬಿಸಿಯೆದ್ದು ಅರಗು ಕರಗಿ ಮರವನ್ನು ಹಿಡಿಯುತ್ತದೆ. ಬಿಸಿ ಸಾಲದಿದ್ದರೆ ಅರಗು ಹಿಡಿಯುವುದಿಲ್ಲ. ಮರದ ವಿಷಯದಲ್ಲಿ ಅದು ಸತ್ಯ. ಇಲ್ಲಿ ಬಿಸಿ ಬರುತ್ತಿದ್ದದ್ದು ಅಣುಗಳ ಜಗಳದಿಂದ, ಅಂಟಿಗೂ ಅದಕ್ಕೂ ಸಂಬಂಧವಿಲ್ಲ. ಉಜ್ಜಿ ತೆಳುವಾದ ಉಗುರಿನ ಮೂಲಕ ಅದು ನೇರ ಮಾಂಸಕ್ಕೆ ಇಳಿಯುತ್ತಿತ್ತು. ಕೊನೆಗೆ ಅಕ್ಕ ಗೊಂಬೆಗೆ ಹೊಳಪು ಕೊಡುವ ತಾಳೆಗರಿ ತಂದು ಉಗುರುಗಳನ್ನು ತಿಕ್ಕಿದಳು ಎಂದು ನನಗೆ ನೆನಪು. ಈ ತಾಳೆಗರಿಯನ್ನು ನಾನು ನಂಬುವುದಿಲ್ಲ. ಅಷ್ಟು ಅಂದವಾಗಿ ಬಂದು ಕೂರುವ ವಿವರ ಎಲ್ಲಿಂದಲೋ ಕದ್ದದ್ದಿರುತ್ತದೆ.

ಸಂದರ್ಶನವಾಯಿತು. ಕೆಲಸ ಸಿಕ್ಕಿತು. ಹತ್ತು ದಿನ ಬಿಟ್ಟು ಸೋಮವಾರ ಬಂದು ಸೇರಿಕೋ ಎಂದರು. ಅಕ್ಕ ಫೋನು ಮಾಡಿ, "ನೋಡ್ದಾ? ನನ್ನ ಉಗುರು," ಅಂದಳು.

ಆ ದಿನಗಳಲ್ಲೂ ಹುಡುಗಿ ಶೆಡ್ಡಿಗೆ ಹೋದಳು. ಸುಮ್ಮನೆ ಕೂರುವ ಮನೆಯಲ್ಲ ಅವಳದು. ಉಗುರೂ ರೇಷ್ಮೆಯೂ ಒಂದೇ ಕುಲದವು, ಎರಡೂ ಪ್ರೊಟೀನು; ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಸೊರಗುತ್ತವೆ. ಮೇಲೆ ಕಲ್ಲಾಗಿ ಕೂತ ಅಕ್ರಿಲಿಕ್ ಅಲುಗುವುದಿಲ್ಲ. ಕೆಳಗಿನದು ದಿನವೂ ಉಬ್ಬಿ ಸೊರಗಿ, ಅಂಚಿನಲ್ಲಿ ಸಂದಿ ಬಿಟ್ಟಿತು. ಸಂದಿಯಲ್ಲಿ ಬಿಸಿನೀರು ಹೊಕ್ಕಿತು. ಶನಿವಾರ ಅವಳು ಕ್ಲಿನಿಕ್ಕಿಗೆ ಬಂದಾಗ ಬಲಗೈಯ ಹೆಬ್ಬೆರಳು ಬಾತು ನಾಡಿಯಂತೆ ಮಿಡಿಯುತ್ತಿತ್ತು. ಡಾಕ್ಟರು ಮುಂದಿನ ಕೋಣೆಯಲ್ಲಿದ್ದರು. ಅವರಿಗೆ ತಿಳಿದರೆ ನನ್ನ ಕೆಲಸ ಹೋಗುತ್ತಿತ್ತು. ಅವಳನ್ನು ಹಿಂದಿನ ಬಾಗಿಲಿಂದ ಒಳಗೆ ಕರೆದೆ.

"ತೆಗ್ದುಬುಡಿ ಅಕ್ಕ," ಅಂದಳು. "ಸೋಮಾರ ಹೋಗ್ಬೇಕು."

ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಬೆರಳು ಅದ್ದಿಸಿದೆ. ಪಾರ್ಲರಿನ ನಿಜವಾದ ಸಾಮಾನಾಗಿದ್ದರೆ ಅದು ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಬಿಡುತ್ತದಂತೆ. ಪಾರ್ಲರಿನವರ ದ್ರವದ ಹೆಸರು ಈಥೈಲ್ ಮೆಥಾಕ್ರಿಲೇಟ್, ನಮ್ಮದು ಮೀಥೈಲ್. ಅಣುವಿಗೆ ಒಂದು ಕಾರ್ಬನ್, ಎರಡು ಹೈಡ್ರೋಜನ್ ಕಡಿಮೆ. ವಾಸನೆ ಹೆಚ್ಚುಕಡಿಮೆ ಒಂದೇ, ಗಟ್ಟಿಯಾದ ಮೇಲೆ ಗುಣ ಬೇರೆ. ನಮ್ಮದು ಬಗ್ಗುವುದಿಲ್ಲ, ಬೇಗ ಕರಗುವುದಿಲ್ಲ. ಏಟು ಬಿದ್ದರೆ ಮೊದಲು ಸೋಲುವುದು ಅಡಿಯಲ್ಲಿರುವ ಉಗುರು. ಅಜ್ಜಂದಿರು ಬಾಯಲ್ಲಿಟ್ಟುಕೊಂಡು ಹತ್ತು ವರ್ಷ ಅಗಿಯಲಿ ಎಂದು ಮಾಡಿದ ವಸ್ತು ಅದು.

ಅರ್ಧ ಗಂಟೆಗೆ ಮೇಲ್ಮೈ ಮಂಜಾಯಿತು, ಅಷ್ಟೆ. ಸೆಟ್ ಉಜ್ಜುವ ಟ್ರಿಮ್ಮರ್ ಹಚ್ಚಿದೆ. ಬಿಸಿ ತಾಳದೆ ಕೈ ಎಳೆದುಕೊಂಡಳು. ಸದ್ದು ಕೇಳಿ ಡಾಕ್ಟರು ಆಚೆಯಿಂದ, "ಯಾವ ಸೆಟ್ಟಮ್ಮ ಅದು?" ಎಂದರು. "ಹಳೇದು ಸಾರ್," ಅಂದೆ. ಅಂಚು ಎದ್ದಿತ್ತಲ್ಲ. ಅಂಚು ಎದ್ದರೆ ಮಿಕ್ಕದ್ದೂ ಬಿಟ್ಟಿದೆ ಎಂದುಕೊಂಡೆ, ಅಥವಾ ಹಾಗೆಂದುಕೊಳ್ಳಲು ಬಯಸಿದೆ. ಮೇಣ ಕೆತ್ತುವ ಚಾಕುವಿನ ತುದಿಯನ್ನು ಸಂದಿಗಿಟ್ಟು ಮೀಟಿದೆ. ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದು ಏಕೆಂದು ತಿರುಗಿಸಿ ನೋಡಿದ ಮೇಲೆ ಗೊತ್ತಾಯಿತು. ಅಡಿಯಲ್ಲಿ ಅವಳ ಉಗುರು ಇಡಿಯಾಗಿ ಅಂಟಿಕೊಂಡಿತ್ತು.

ಅವಳು ಕೂಗಲಿಲ್ಲ. ಮುಂದಿನ ಕೋಣೆಯಲ್ಲಿ ಡಾಕ್ಟರಿದ್ದಾರೆ, ನನಗೆ ತೊಂದರೆಯಾಗುತ್ತದೆ ಎಂದು ಕೂಗಲಿಲ್ಲ. ಇದನ್ನು ನಾನು ಊಹಿಸುತ್ತಿಲ್ಲ, ಅವಳು ಆ ಬಾಗಿಲ ಕಡೆ ನೋಡಿದ್ದನ್ನು ನೋಡಿದ್ದೇನೆ. ಹತ್ತಿಯಿಟ್ಟು, ಬ್ಯಾಂಡೇಜು ಸುತ್ತಿ ಕಳಿಸಿದೆ. ಉಳಿದ ಒಂಬತ್ತನ್ನು ಮುಟ್ಟಲು ಧೈರ್ಯ ಬರಲಿಲ್ಲ. ಸಂಜೆ ಅಕ್ಕನಿಗೆ ಫೋನು ಮಾಡಿ, ಚರಕಕ್ಕೆ ಸಿಕ್ಕಿತಂತೆ ಎಂದೆ. ಆ ಸುಳ್ಳು ಅಲ್ಲಿ ಹುಟ್ಟಿತು.

ಮಳೆಗಾಲ ಕಳೆದ ಮೇಲೆ ಅವಳು ಮತ್ತೆ ಬಂದಳು, ತಾಯಿಯನ್ನು ಕರೆದುಕೊಂಡು. ತಾಯಿಗೆ ಮೇಲಿನ ಸೆಟ್ ಕಟ್ಟಬೇಕಿತ್ತು. ಊರಿನಲ್ಲಿ ಬೇರೆ ಕ್ಲಿನಿಕ್ಕುಗಳಿರಲಿಲ್ಲವೆಂದೇನಲ್ಲ. ಡಾಕ್ಟರು ಅಳತೆ ತೆಗೆದುಕೊಟ್ಟರು. ಅದೇ ಪುಡಿಯ ದಾಯಾದಿ, ಗುಲಾಬಿ ಬಣ್ಣದ್ದು, ಅಚ್ಚಿನಲ್ಲಿ ತುಂಬಿ ಗಂಟೆಗಟ್ಟಲೆ ನೀರಿನಲ್ಲಿ ಬೇಯಿಸಿದೆ. ಸೆಟ್ ಹಾಕುವ ದಿನ ಡಾಕ್ಟರು ಕೂರಿಸಿ ನೋಡಿ, ಒತ್ತುವ ಕಡೆ ಉಜ್ಜಿಕೊಡೆಂದು ತಾಯಿ ಮಗಳಿಬ್ಬರನ್ನೂ ಹಿಂದಿನ ಕೋಣೆಗೆ ಕಳಿಸಿದರು.

ಹುಡುಗಿ ಮೇಜಿನ ಮೇಲಿನ ಕಂದು ಬಾಟಲಿ ನೋಡಿದಳು. "ಇದೇ ಅಲ್ವಾ?"

"ಇದೇ ಜಾತಿ."

"ಅವ್ವನ ಬಾಯಾಗೂ ಹಂಗೇ ಕಚ್ಕೊಂಡುಬುಡ್ತದಾ?"

ಇಲ್ಲ, ಇದು ಹೊರಗೇ ಬೆಂದು ಗಟ್ಟಿಯಾಗಿದೆ, ಬಾಯಿಯ ತೇವಕ್ಕೆ ಸುಮ್ಮನೆ ಹಿಡಿದುಕೊಳ್ಳುತ್ತದೆ ಎಂದು ವಿವರಿಸಲು ಹೊರಟೆ. ಅವಳು ಕೇಳುತ್ತಿರಲಿಲ್ಲ. ತನ್ನ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದಳು. ಹೊಸ ಉಗುರು ಅರ್ಧ ಬಂದಿತ್ತು, ಏರುತಗ್ಗಾಗಿ, ಒಂದು ಕಡೆ ವಾಲಿಕೊಂಡು. ಉಳಿದ ಬೆರಳುಗಳು ಬರಿದಾಗಿದ್ದವು.

"ಮಿಕ್ಕವ್ನ ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜುಬುಟ್ಟೆ, ಮೇಡಂ," ಅಂದಳು. ಮೊದಲಿನಂತೆ ಅಕ್ಕ ಎನ್ನಲಿಲ್ಲ. "ಒಂದು ವಿಸ್ಯ ಹೇಳ್ಲಾ? ಇಂಟರ್ವ್ಯೂ ದಿನ ಅಲ್ಲಿ ಯಾರೂ ಕೈ ನೋಡ್ಲಿಲ್ಲ. ಓದಕೆ ಬತ್ತದಾ ಅಂದ್ರು, ಆರೂವರೆ ಬಸ್ಸಿಗೆ ಬತ್ತೀಯಾ ಅಂದ್ರು. ಅಷ್ಟೇಯ. ಕೈ ನೋಡಿದ್ದು ಸೋಮಾರ. ಬ್ಯಾಂಡೇಜ್ ಇತ್ತಲ್ಲ, ಅದ್ಕೆ. ವೈರು ಚುಚ್ಚಕೆ ಹೆಬ್ಬೆಟ್ಟು ಬೇಕು, ವಾಸಿ ಮಾಡ್ಕೊಂಡು ಬಾ ಅಂದ್ರು. ವಾಸಿಯಾಗಿ ಹೋಗೋದ್ರಾಗೆ ನನ್ ಜಾಗ್ದಾಗೆ ಇನ್ನೊಬ್ಳು ಕುಂತಿದ್ಲು."

"ಈಗ?"

"ಈಗೇನು. ಅದೇ ಶೆಡ್ಡು, ಅದೇ ಬಿಸ್ನೀರಿನ ಬೇಸಿನ್ನು. ಎಡಗೈಲಿ ಎಳೆ ಹಿಡಿಯೋದು ಕಲ್ತಿವ್ನಿ."

ಕ್ಷಮಿಸು ಎಂದೆನೋ ಇಲ್ಲವೋ ನನಗೆ ನೆನಪಿಲ್ಲ. ಇಲ್ಲಿ ಅದನ್ನು ಸೇರಿಸಿಕೊಳ್ಳುವುದು ಸುಲಭ, ಆದ್ದರಿಂದ ಸೇರಿಸುವುದಿಲ್ಲ. ಸೆಟ್ಟಿನ ಅಂಚು ಉಜ್ಜಿ, ತೊಳೆದು, ತಾಯಿಯ ಬಾಯಲ್ಲಿ ಕೂರಿಸಿದೆ. ಚೆನ್ನಾಗಿ ಕೂತಿತು. ಕನ್ನಡಿ ಕೊಡಲು ಹೋದೆ. ಹುಡುಗಿ ಕನ್ನಡಿಗೆ ಕೈ ಅಡ್ಡ ಹಿಡಿದಳು.

"ಹಾಕಿದ್ದು ಇರ್ಲಿ. ತೆಗ್ದು ತೋರ್ಸಿ."

ತೆಗೆದೆ.

"ಹಾಕಿ."

ಹಾಕಿದೆ.

"ತೆಗೀರಿ ಇನ್ನೊಂದ್ ಸಲ."

ತಾಯಿ ನಡುವೆ ಕೈಯೆತ್ತಿ, "ನನ್ ಬಾಯೇನು ಸಂದೂಕದ ಮುಚ್ಚಳ್ವೇನಮ್ಮಿ?" ಎಂದಳು. ಹುಡುಗಿ ನಗಲಿಲ್ಲ. ಎರಡನೆಯ ಸಲವೂ ನಾನು ತೆಗೆದ ಮೇಲೆ, ತಾಯಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ವಸಡಿನ ಮೇಲೆ ಆ ಅರ್ಧ ಉಗುರಿನ ಹೆಬ್ಬೆರಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಆಡಿಸಿದಳು. ಬೆರಳನ್ನು ಹೊರಗೆ ತೆಗೆದು, ರಕ್ತವಿದೆಯೇ ಎಂದು ನೋಡಿದಳು. ಆಮೇಲೆ ಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೇ ತಾಯಿಯ ಬಾಯಿಗೆ ಹಾಕಿದಳು.